ಹಳೆಯ ನಾಣ್ಯಗಳ ಸಂಗ್ರಹ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ಆನೆಯ ಚಿತ್ರವುಳ್ಳ ತಾಮ್ರದ ನಾಣ್ಯವೊಂದು ದೊರೆತಿದೆ. ಇದನ್ನು ತೊಳೆಯಬಹುದೇ? ಸಂಗ್ರಹವನ್ನು ಹೇಗೆ ಮುಂದುವರಿಸಲಿ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ, ತಾಮ್ರದ ಮೇಲೆ ಕಾಲಕ್ರಮದಲ್ಲಿ ಕಟ್ಟಿದ ಪದರ ಹೋದರೆ ನಾಣ್ಯದ ಬೆಲೆಯೂ ಹೋಗುತ್ತದೆ. ಆನೆಯ ಹಿಂಬದಿಯಲ್ಲಿ ಪಾರಸಿ ಬರಹವಿದ್ದರೆ ಅದು ಟಿಪ್ಪುವಿನ ಕಾಲದ್ದಿರಬಹುದು, ಕನ್ನಡ ಅಕ್ಷರಗಳಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದಿರಬಹುದು. ಟಿಪ್ಪು ಜಾರಿಗೆ ತಂದ ಮೌಲೂದಿ ಎಂಬ ಕಾಲಗಣನೆಯ ವರ್ಷಗಳ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದು ಹೊಸಬರನ್ನು ಗೊಂದಲಗೊಳಿಸುವ, ಆದರೆ ಬಹಳ ಸೊಗಸಾದ ಸಂಗತಿ.

ಎಲ್ಲವನ್ನೂ ಕೊಳ್ಳುವ ಬದಲು ಮೈಸೂರು ಸಂಸ್ಥಾನದ ತಾಮ್ರದ ನಾಣ್ಯಗಳಂತಹ ಒಂದೇ ವಿಭಾಗವನ್ನು ಆರಿಸಿಕೊಳ್ಳುವುದು ಜಾಣತನ. ವಿಜಯನಗರದ ವರಾಹಗಳ ಆಕರ್ಷಣೆ ಸಹಜವೇ, ಆದರೆ ಸುಮಾರು 3.4 ಗ್ರಾಂ ತೂಗುವ ಆ ಚಿನ್ನದ ನಾಣ್ಯಗಳಲ್ಲಿ ನಕಲಿಗಳಿರುವುದರಿಂದ ತೂಕ ನೋಡದೆ ಕೊಳ್ಳಬಾರದು. ಅಚ್ಚಿಗೆ ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಜೋಡಣೆಯ ಗೆರೆಯೂ ಮೈಮೇಲೆ ಸಣ್ಣ ಗುಳಿಗಳೂ ಭೂತಗನ್ನಡಿಯಲ್ಲಿ ಕಾಣಬಹುದು.

ನೂರು ವರ್ಷ ಮೀರಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುವುದರಿಂದ ಅವನ್ನು ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ. ನೆಲ ಅಗೆಯುವಾಗ ಸಿಕ್ಕ ನಿಧಿಯ ವಿಷಯ ಬೇರೆ: ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾಯ್ದೆ ಹೇಳುತ್ತದೆ.