ಬೂದು ಪಟ್ಟೆ, ಒಂದು ಹಸಿರು ತುಂಡು: ಇದರಲ್ಲಿ ಊರು ಎಲ್ಲಿದೆ?

ನೀವು ಪ್ರದರ್ಶನದಲ್ಲಿ ನೋಡಿದ್ದು ಅಮೂರ್ತ ಚಿತ್ರ, ಅಂದರೆ ಯಾವ ವಸ್ತುವನ್ನೂ ಇದ್ದ ಹಾಗೆ ತೋರಿಸದೆ ಬರೀ ಬಣ್ಣ, ಆಕಾರಗಳಲ್ಲಿ ಬರೆದದ್ದು. ಅದರಲ್ಲಿ ಉದ್ದಕ್ಕೂ ಬೂದು ಪಟ್ಟೆಗಳು, ನಡುವೆ ಒಂದು ಸಣ್ಣ ಹಸಿರು ತುಂಡು. ಪಕ್ಕದ ಚೀಟಿಯಲ್ಲಿ ‘ಬದಲಾಗುತ್ತಿರುವ ನಗರ’ ಅಂತ ಬರೆದಿತ್ತು. ಅದು ನಿಜಕ್ಕೂ ಚಿತ್ರದಲ್ಲಿದೆಯಾ, ಇಲ್ಲ ನಾವೇ ಸುಮ್ನೆ ಕಲ್ಪಿಸಿಕೊಳ್ಳುತ್ತೇವಾ ಅಂತ ಕೇಳಿದ್ದೀರಿ.

ನಾನೂ ಚಿತ್ರ ಬರೆಯುತ್ತೇನೆ. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಬಣ್ಣದ ಅಂಚಿಗೆ. ಆ ಹಸಿರಿನ ಹತ್ತಿರ ಹೋಗಿ, ಸ್ವಲ್ಪ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ. ಬೂದು ಬಣ್ಣ ಹಸಿರಿನ ಮೇಲೆ ಹತ್ತಿದೆಯಾ? ಇಲ್ಲ ಹಸಿರೇ ಬೂದಿನ ಮೇಲೆ ಕೂತಿದೆಯಾ? ಬೂದು ಮೇಲಿದ್ದರೆ, ಹಸಿರು ಮುಂಚೆಯೇ ಇತ್ತು. ಬೂದು ಆಮೇಲೆ ಬಂದು ಸುತ್ತ ಮುಚ್ಚಿತು, ಉಳಿದದ್ದು ಇಷ್ಟೇ. ಹಸಿರು ಮೇಲಿದ್ದರೆ, ಎಲ್ಲ ಬೂದಾದ ಮೇಲೂ ಒಂದು ಚುಕ್ಕೆ ಹಸಿರು ಬಂದು ಸೇರಿದೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಹತ್ತಿರ ಹೋದರೆ ಕಥೆ ಪೂರ್ತಿ ಉಲ್ಟಾ.

ಒಂದು ಜಾಗ ಬದಲಾಯಿತು ಅಂದರೆ ಅದಕ್ಕೊಂದು ಮುಂಚೆ, ಒಂದು ಆಮೇಲೆ ಇರಬೇಕು ಅಲ್ವಾ? ಅಮೂರ್ತ ಚಿತ್ರದಲ್ಲಿ ಅದು ಸಿಗುವುದು ಪದರಗಳಲ್ಲಿ. ಕೆರೆದ ಗುರುತು, ಅಡಿಯಿಂದ ಇಣುಕುವ ಹಳೆ ಬಣ್ಣ, ಅರ್ಧ ಅಳಿಸಿದ ಗೆರೆ. ‘ಇದು ಯಾವುದರ ಥರ ಕಾಣುತ್ತೆ’ ಅನ್ನುವುದಕ್ಕಿಂತ ಜಾಸ್ತಿ ಇವೇ ಮಾತಾಡುತ್ತವೆ. ಲಾಸ್ ಏಂಜಲೀಸ್‌ನ ಕಲಾವಿದ ಮಾರ್ಕ್ ಬ್ರಾಡ್‌ಫರ್ಡ್ ಬೀದಿಯ ಜಾಹೀರಾತು ಪೋಸ್ಟರ್‌ಗಳನ್ನು ತಂದು ಒಂದರ ಮೇಲೊಂದು ಅಂಟಿಸುತ್ತಾರೆ. ಆಮೇಲೆ ಮರ ಉಜ್ಜುವ ಮೆಷಿನ್ನಿನಿಂದ ಉಜ್ಜುತ್ತಾರೆ. ಅಡಿಯಲ್ಲಿದ್ದ ಕಾಗದ ಅಲ್ಲಲ್ಲಿ ಹರಿದು ಮೇಲೆ ಬರುತ್ತದೆ. ಅಲ್ಲಿ ಊರನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ, ಕ್ಯಾನ್ವಾಸಿನ ಮೇಲೆ ಇರುವುದೇ ಊರಿನ ಕಾಗದ.

ಚಿತ್ರದ ಹೆಸರು, ವರ್ಷ ಕೂಡ ಸಹಾಯ ಮಾಡುತ್ತವೆ. ಡಚ್ ಚಿತ್ರಕಾರ ಪೀಟ್ ಮೊಂಡ್ರಿಯಾನ್ ಎಷ್ಟೋ ವರ್ಷ ಬಿಳಿಯ ಮೇಲೆ ಕಪ್ಪು ಗೆರೆ ಎಳೆದವರು. 1940ರಲ್ಲಿ, ಬಾಂಬು ಬೀಳುತ್ತಿದ್ದ ಲಂಡನ್ ಬಿಟ್ಟು ನ್ಯೂಯಾರ್ಕಿಗೆ ಬಂದರು. 1942–43ರಲ್ಲಿ ಬರೆದ ‘ಬ್ರಾಡ್‌ವೇ ಬೂಗಿ ವೂಗಿ’ಯಲ್ಲಿ ಕಪ್ಪು ಗೆರೆ ಒಂದೂ ಇಲ್ಲ! ಹಳದಿ ಗೆರೆಗಳು, ಅವುಗಳ ಉದ್ದಕ್ಕೂ ಕೆಂಪು, ನೀಲಿ, ಬೂದು ಬಣ್ಣದ ಪುಟ್ಟ ಚೌಕಗಳು. ಕಣ್ಣು ಒಂದು ಕಡೆ ನಿಲ್ಲುವುದೇ ಇಲ್ಲ. ಬ್ರಾಡ್‌ವೇ ಅಂದರೆ ನ್ಯೂಯಾರ್ಕಿನ ಒಂದು ದೊಡ್ಡ ಬೀದಿ, ಹಾಗಾಗಿ ಇದನ್ನು ಅಡ್ಡರಸ್ತೆ, ಓಡುವ ಗಾಡಿ, ದೀಪ ಅಂತ ಓದಬಹುದು, ತಪ್ಪೇನಿಲ್ಲ. ಆದರೆ ಬೂಗಿ ವೂಗಿ ಅನ್ನುವುದು ಅವರು ತುಂಬಾ ಇಷ್ಟಪಡುತ್ತಿದ್ದ ಪಿಯಾನೋ ಸಂಗೀತ. ಬರೀ ನಕ್ಷೆ ಅಂದುಕೊಂಡರೆ ಆ ತಾಳ ಕೈ ತಪ್ಪಿಹೋಗುತ್ತದೆ. ನನಗೆ ಕಾಣುವುದು ಹೊಸ ಊರಿಗೆ ಬಂದ ಎಪ್ಪತ್ತರ ಮನುಷ್ಯನ ಖುಷಿ. ಊರಿನ ಬಗ್ಗೆ ಚಿತ್ರ ಹೇಳುವ ಮಾತು ಯಾವಾಗಲೂ ದೂರೇ ಆಗಿರಬೇಕಾಗಿಲ್ಲ.

ನಮ್ಮ ಓದು ಸುಮ್ನೆ ಕಲ್ಪನೆಯಾ ಅಂತ ತಿಳಿಯಲು ನಾನು ಒಂದು ಕೆಲಸ ಮಾಡುತ್ತೇನೆ. ಅದೇ ಮಾತನ್ನು ಪಕ್ಕದ ಚಿತ್ರದ ಮುಂದೆ ನಿಂತು ಹೇಳಿ ನೋಡುತ್ತೇನೆ. ಅಲ್ಲೂ ಅಷ್ಟೇ ಚೆನ್ನಾಗಿ ಹೊಂದಿದರೆ, ಅದು ಚೀಟಿಯಿಂದ ಬಂದ ಮಾತು, ಬಿಟ್ಟುಬಿಡುತ್ತೇನೆ. ಚೀಟಿ ಓದುವ ಮುಂಚೆ ಐದು ನಿಮಿಷ ಚಿತ್ರದ ಮುಂದೆ ನಿಲ್ಲುವುದೂ ಅದಕ್ಕೇ.

ಪ್ರದರ್ಶನ ಇನ್ನೂ ಇದ್ದರೆ ಇನ್ನೊಮ್ಮೆ ಹೋಗಿ ಬನ್ನಿ. ಆ ಹಸಿರಿನ ಅಂಚು ಹೇಗಿತ್ತು ಅಂತ ಇಲ್ಲೇ ಬರೆಯಿರಿ, ನನಗೆ ನಿಜವಾಗಲೂ ತಿಳಿದುಕೊಳ್ಳಬೇಕು.