ಬಂದರನ್ನು ಅಡವಿಟ್ಟರೆ ಶಿಸ್ತು ಬರುವುದೇ?

ಪತ್ರ: ಸರ್ಕಾರದ ಸಾಲಪತ್ರಕ್ಕೆ ಬಾಯಿಮಾತಿನ ಭರವಸೆ ಸಾಲದು. ಬಂದರು, ಹೆದ್ದಾರಿ, ಸರ್ಕಾರಿ ಜಮೀನು ಒತ್ತೆಯಿಟ್ಟರೆ ಬಡ್ಡಿ ಇಳಿಯುತ್ತದೆ, ಸರ್ಕಾರಕ್ಕೂ ಶಿಸ್ತು ಬರುತ್ತದೆ. ತಾವೇನನ್ನುತ್ತೀರಿ?

ಉತ್ತರ: ಬಡ್ಡಿಯ ಲೆಕ್ಕಕ್ಕೆ ನಿಲ್ಲದೆ ಶಿಸ್ತಿನ ಮಾತೆತ್ತಿದಿರಲ್ಲ, ಅದಕ್ಕೇ ನಿಮ್ಮ ಪತ್ರ ಆರಿಸಿಕೊಂಡೆ. ಒತ್ತೆಯಿಟ್ಟರೆ ಹಣ ಹುಟ್ಟುತ್ತದೆ, ನಿಜ. 1974ರಲ್ಲಿ ಇಟಲಿ ಚಿನ್ನ ಒತ್ತೆಯಿಟ್ಟು ಪಶ್ಚಿಮ ಜರ್ಮನಿಯಿಂದ 200 ಕೋಟಿ ಡಾಲರ್ ತಂದಿತು. ಆದರೆ ಶಿಸ್ತು?

1789ರ ನವೆಂಬರಿನಲ್ಲಿ ಫ್ರಾನ್ಸ್ ಚರ್ಚಿನ ಆಸ್ತಿಯನ್ನೆಲ್ಲ ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. ಮರುತಿಂಗಳೇ ಆ ನೆಲದ ಆಧಾರದ ಮೇಲೆ 'ಅಸಿನ್ಯಾ' ಎಂಬ ಸಾಲಪತ್ರ ಹೊರಬಂತು: 40 ಕೋಟಿ ಲಿವ್ರ್ (ಆಗಿನ ಫ್ರೆಂಚ್ ಹಣ), ಶೇ. 5 ಬಡ್ಡಿ. ಪತ್ರ ಕೊಟ್ಟು ನೆಲ ಕೊಳ್ಳಬಹುದು, ಹಿಂದಿರುಗಿದ ಪತ್ರವನ್ನು ಸುಟ್ಟುಬಿಡಬೇಕು. ನೀವು ಕೇಳುತ್ತಿರುವುದೂ ಇದನ್ನೇ ಅಲ್ಲವೇ? ನೆಲ ಸುಳ್ಳಾಗಿರಲಿಲ್ಲ, ಮಾರಾಟವೂ ಆಯಿತು. ಆದರೆ ಮರುವರ್ಷವೇ ಬಡ್ಡಿ ಕೈಬಿಟ್ಟು ಅದನ್ನೇ ನೋಟು ಮಾಡಿಕೊಂಡರು. ಖರ್ಚು ಬಂದಾಗಲೆಲ್ಲ ಅಚ್ಚು ಹಾಕಿದರು. 1796ರ ಹೊತ್ತಿಗೆ ಅಚ್ಚಾದದ್ದು ಸುಮಾರು 4,500 ಕೋಟಿ ಲಿವ್ರ್. ಆ ಫೆಬ್ರವರಿ 19ರಂದು ಪ್ಯಾರಿಸ್ಸಿನ ವಾಂದೋಮ್ ಚೌಕದಲ್ಲಿ, ನೆರೆದ ಜನರ ಕಣ್ಣೆದುರೇ, ಅಚ್ಚಿನ ಸಲಕರಣೆಯನ್ನೆಲ್ಲ ನಾಶಮಾಡಿದರು. ನೆಲ ಇದ್ದಲ್ಲೇ ಇತ್ತು. ಪತ್ರವನ್ನು ನಂಬಿ ಪೆಟ್ಟಿಗೆಯಲ್ಲಿಟ್ಟವನ ಗಂಟು ಕರಗಿತ್ತು.

1923ರಲ್ಲಿ ಜರ್ಮನಿ ತಂದ ಹೊಸ ನೋಟು ರೆಂಟೆನ್‌ಮಾರ್ಕ್ ಉಳಿಯಲಿಲ್ಲವೇ ಎನ್ನುವಿರಿ. ಉಳಿಯಿತು. ಅದಕ್ಕೂ ಹೊಲ, ಕಾರ್ಖಾನೆಗಳ ಮೇಲಿನ ಅಡಮಾನವೇ ಆಧಾರ. ಆದರೆ ನೋಟು ಹಿಡಿದು ಹೋದವನಿಗೆ ಯಾರೂ ಒಂದಡಿ ನೆಲ ಅಳೆದುಕೊಡುತ್ತಿರಲಿಲ್ಲ. ಅದನ್ನು ಉಳಿಸಿದ್ದು ಎಷ್ಟು ಅಚ್ಚು ಹಾಕಬಹುದೆಂಬುದಕ್ಕೆ ಹಾಕಿಕೊಂಡ ಮಿತಿ. ಅದೇ ಡಿಸೆಂಬರಿನಲ್ಲಿ ಸರ್ಕಾರ ಇನ್ನಷ್ಟು ಸಾಲ ಕೇಳಿ ಬಂದಾಗ, ಆ ನೋಟು ಹೊರಡಿಸುತ್ತಿದ್ದ ರೆಂಟೆನ್‌ಬ್ಯಾಂಕ್ 'ಆಗದು' ಎಂದಿತು. ನೀವು ಹುಡುಕುತ್ತಿರುವ ಶಿಸ್ತು ಆ ಒಂದು ಮಾತಿನಲ್ಲಿತ್ತು, ಹೊಲದಲ್ಲಲ್ಲ.

ಇನ್ನೊಂದು ಮಾತು. ಬಂದರನ್ನು ಸಾಲ ಕೊಟ್ಟ ಒಬ್ಬನಿಗೆ ಬರೆದುಕೊಟ್ಟರೆ ಸಾಲ ಕೊಟ್ಟ ಉಳಿದವರು ವಸೂಲಿಯ ಸರದಿಯಲ್ಲಿ ಹಿಂದಕ್ಕೆ ಬೀಳುತ್ತಾರೆ, ಅವರು ಬಡ್ಡಿ ಏರಿಸದೆ ಬಿಡುತ್ತಾರೆಯೇ? ಬೇರೆಯವರಿಗೆ ಹೀಗೆ ಒತ್ತೆಯಿಟ್ಟು ತನ್ನನ್ನು ಹಿಂದೆ ತಳ್ಳಬಾರದೆಂದು ವಿಶ್ವಬ್ಯಾಂಕ್ ತನ್ನ ಸಾಲದ ಕರಾರಿನಲ್ಲೇ ಷರತ್ತು ಹಾಕುತ್ತದೆ. ಜೊತೆಗೆ, ದೇಶ ಸಾಲ ತೀರಿಸಲಾರದ ಕಾಲವೆಂದರೆ ಹಡಗುಗಳೂ ಕಡಿಮೆಯಾಗುವ ಕಾಲ. ಬಂದರಿಗೆ ಆಗ ಬೆಲೆಯೆಲ್ಲಿ?

ನನ್ನ ಸಂಕಟ ಬೇರೆಯೇ ಇದೆ. ಸಾಲಕ್ಕೆ ಏನು ಆಧಾರ ಎಂದು ಕೇಳುವವರು ಬೇಕಾದಷ್ಟು ಜನ. ತಂದ ಸಾಲ ಎಲ್ಲಿ ಹೋಯಿತು, ಅದರಿಂದ ಕಟ್ಟಿದ ಸೇತುವೆಗೆ ರಿಪೇರಿ ಆಯಿತೇ ಎಂದು ಕೇಳುವವರು ಎಷ್ಟು ಮಂದಿ? ಬಜೆಟ್ಟಿನ ದಿನ ನನ್ನ ಮೇಜು ಪತ್ರಗಳಿಂದ ತುಂಬುತ್ತದೆ. ಲೆಕ್ಕಪರಿಶೋಧಕರ ವರದಿ ಬಂದ ದಿನ ಒಂದೂ ಇರುವುದಿಲ್ಲ. ನೀವು ಓದಿಕೊಂಡವರು, ಆ ವರದಿಯನ್ನೊಮ್ಮೆ ಪೂರ್ತಿ ಓದಿ ಬರೆಯಿರಿ. ಪುಟ ತೆಗೆದಿಡುತ್ತೇನೆ.