ಬಸ್ ಡಕ್ಟಾ ಕೇಬಲ್ಲಾ ಆಮೇಲೆ ನೋಡಿ, ಮೊದ್ಲು ನ್ಯೂಟ್ರಲ್ ನೋಡಿ ಸಾರ್

ಮೈಸೂರು ಸಿಟಿ ಮಧ್ಯೆ ನಾಲ್ಕು ಫ್ಲೋರ್ ಶಾಪಿಂಗ್ ಕಾಂಪ್ಲೆಕ್ಸಿಗೆ ಬಸ್ ಡಕ್ಟ್ (ತಗಡಿನ ಡಬ್ಬಿಯೊಳಗೆ ಲೋಹದ ಪಟ್ಟಿ ಇಟ್ಟು ಕರೆಂಟ್ ಒಯ್ಯೋದು) ಹಾಕ್ಲಾ ಕೇಬಲ್ ಎಳೀಲಾ ಅಂತ ಕೇಳಿದೀರಲ್ಲ, ನಾನೂ ಇದೇ ಲೆಕ್ಕ ಹಾಕ್ಕೊಂಡು ನಿದ್ದೆಗೆಟ್ಟೋನು. ದೇವರಾಜ ಅರಸು ರಸ್ತೆ ಹತ್ರ ಕೆಲಸ, ದಸರಾ ಒಳಗೆ ಅಂಗಡಿ ಓಪನ್ ಆಗ್ಲೇಬೇಕು ಅಂತ ಓನರ್ ತಲೆ ಮೇಲೆ ಕೂತಿದ್ರು, ಹಗಲೊತ್ತು ಆ ಟ್ರಾಫಿಕ್ಕಲ್ಲಿ ಕೇಬಲ್ ಡ್ರಮ್ ಇಳಿಸೋಕೆ ಜಾಗ ಇಲ್ಲ, ರಾತ್ರಿ ಹನ್ನೊಂದಕ್ಕೆ ಲಾರಿ ನಿಲ್ಲಿಸಿ ಬೆಳಕು ಹರಿಯೋದ್ರೊಳಗೆ ಎಳೆದು ಮುಗಿಸ್ಬೇಕು. 11 ಕೆವಿ ಸಪ್ಲೈ, ಬೇಸ್‌ಮೆಂಟಲ್ಲಿ ಡ್ರೈ ಟೈಪ್ ಟ್ರಾನ್ಸ್‌ಫಾರ್ಮರ್, ಇನ್ಸ್‌ಪೆಕ್ಟೊರೇಟ್ ಅಪ್ರೂವಲ್, ಇವೆಲ್ಲ ಓಡಾಡಿದ್ರೆ ಆಗತ್ತೆ ಬಿಡಿ.

ನಾನು ಮುಳುಗಿದ್ದು ನ್ಯೂಟ್ರಲಲ್ಲಿ, ಅಂದ್ರೆ ಮೂರು ಫೇಸ್ ತಂತೀಲಿ ಬಂದ ಕರೆಂಟು ವಾಪಸ್ ಹೋಗೋ ನಾಲ್ಕನೇ ತಂತೀಲಿ.

ಫ್ಲೋರಿಗೊಂದು 95 ಸ್ಕ್ವೇರ್ ಎಂಎಂ ಮೂರೂವರೆ ಕೋರ್ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಎಳೆಸಿದೆ, ಅಂದ್ರೆ ಒಳಗೆ ಫೇಸಿಗೆ ಮೂರು ದಪ್ಪ ತಂತಿ (ಕೋರು), ಜೊತೆಗೊಂದು ಸಣ್ಣದು. ಆ ಅರ್ಧ ಕೋರೇ ನ್ಯೂಟ್ರಲ್ಲು, ಬರೀ 50 ಸ್ಕ್ವೇರ್ ಎಂಎಂ. ಮೂರು ಫೇಸಲ್ಲೂ ಲೋಡ್ ಸಮ ಇದ್ರೆ ನ್ಯೂಟ್ರಲಲ್ಲಿ ಏನೂ ಬರಲ್ಲ ಅಂತ ನಮಗೆ ಹೇಳ್ಕೊಟ್ಟಿರ್ತಾರೆ, ಮೋಟ್ರು ಹೀಟ್ರಿಗೆ ಅದು ನಿಜಾನೇ. ಆದ್ರೆ ಈಗಿನ ಸೀರೆ ಅಂಗಡಿಗೆ ಹೋಗಿ ತಲೆ ಎತ್ತಿ ನೋಡಿ, ಸೀಲಿಂಗ್ ಪೂರ್ತಿ ಎಲ್‌ಇಡಿ, ಅದೂ ಲೈಟಿಗೆ ಕರೆಂಟ್ ಹದ ಮಾಡ್ಕೊಡೋ ಅಗ್ಗದ ಡ್ರೈವರ್‌ದು. ಅವು ಕರೆಂಟನ್ನ ನೀಟಾಗಿ ಎಳ್ಕೊಳಲ್ಲ, ಅಲೆಯ ತುದೀಲಿ ಗಪಕ್ಕಂತ ಕಚ್ತವೆ, ಅದ್ರಿಂದ ಮಾಮೂಲಿ 50 ಹರ್ಟ್ಜ್ ಅಲೆ ಜೊತೆ ಅದರ ಮೂರರಷ್ಟು ವೇಗದ 150 ಹರ್ಟ್ಜಿಂದೂ ಹುಟ್ಕೊಳತ್ತೆ, ಅದೇ ಥರ್ಡ್ ಹಾರ್ಮೋನಿಕ್ಕು. 50ರದ್ದು ಮೂರು ಫೇಸಿಂದ 120 ಡಿಗ್ರಿ ಬಿಟ್ಟು ಬಿಟ್ಟು ಬಂದು ಒಂದನ್ನೊಂದು ಹೊಡೆದಾಕತ್ತೆ. 150ರದ್ದಕ್ಕೆ 120 ಇಂಟು ಮೂರು ಅಂದ್ರೆ 360, ಅಂದ್ರೆ ಮೂರೂ ಒಂದೇ ಟೈಮಿಗೆ ಬರತ್ತೆ. ಕಳೆಯಲ್ಲ ಸಾರ್, ಕೂಡತ್ತೆ! ಫೇಸಲ್ಲಿ 120 ಆಂಪ್ಸ್ ಇದ್ರೆ ನ್ಯೂಟ್ರಲಲ್ಲಿ 140 ಹತ್ರ. ದಪ್ಪ ಕೋರಲ್ಲಿ ಕಮ್ಮಿ, ಸಣ್ಣ ಕೋರಲ್ಲಿ ಜಾಸ್ತಿ. ತಂತಿಗೆ ಕಚ್ಚಿಸಿ ಆಂಪ್ಸ್ ಅಳೆಯೋ ನನ್ನ ಹಳೇ ಕ್ಲಾಂಪ್ ಮೀಟ್ರು ಅದನ್ನೂ ಕಮ್ಮಿ ತೋರಿಸ್ತಿತ್ತು, ವಕ್ರ ಅಲೆಯನ್ನೂ ಸರಿಯಾಗಿ ಅಳೆಯೋ ಟ್ರೂ ಆರ್‌ಎಂಎಸ್ ಮೀಟ್ರು ಸಾಲ ತಂದು ಹಿಡಿದ್ಮೇಲೇ ಗೊತ್ತಾಗಿದ್ದು. ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು.

ಹಬ್ಬದ ಸೀಸನ್ ಸಂಜೆ, ಅಂಗಡಿ ತುಂಬ ಜನ, ಗ್ರೌಂಡ್ ಫ್ಲೋರ್ ಪ್ಯಾನಲಲ್ಲಿ ನ್ಯೂಟ್ರಲ್ ಲಗ್ (ತಂತಿ ತುದಿಗೆ ಹಾಕೋ ಲೋಹದ ಕಿವಿ) ಸುಟ್ಟು ಬಿಟ್ಕೊಂಡ್ಬುಡ್ತು. ಬ್ರೇಕರ್ ಯಾಕೆ ಟ್ರಿಪ್ ಆಗ್ಲಿಲ್ಲ ಅಂತೀರಾ? ಅದು ನೋಡೋದು ಮೂರು ಫೇಸನ್ನ, ನ್ಯೂಟ್ರಲ್ಲಿಗೆ ನಾನು ಹಾಕಿದ್ದು ಬರೀ ಲಿಂಕು, ಅಂದ್ರೆ ಸುಮ್ನೆ ಜೋಡಿಸೋ ಲೋಹದ ಪಟ್ಟಿ, ಅದು ಟ್ರಿಪ್ ಆಗಲ್ಲ. ನ್ಯೂಟ್ರಲ್ ಹೋದ್ರೆ ವೋಲ್ಟೇಜಿಗೆ ಲಂಗುಲಗಾಮಿಲ್ಲ, ಲೋಡ್ ಕಮ್ಮಿ ಇರೋ ಫೇಸಲ್ಲಿ 230 ಇರ್ಬೇಕಾದ್ದು 350ರ ಹತ್ರ ಹೋಯ್ತು. ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ ಬಾಕ್ಸು, ಲೈಟು, ಸಾಲಾಗಿ ಢಮಾರ್. ಎಲ್ಲ ನನ್ನ ಬಿಲ್ಲಲ್ಲೇ ಮುರ್ಕೊಂಡ್ರು, ತಪ್ಪು ನಂದೇ, ಏನಂತ ಬಾಯಿ ಬಿಡ್ಲಿ.

ಆಮೇಲೆ ಅಂಗಡಿ ಬಾಗಿಲು ಹಾಕಿದ್ಮೇಲೆ ರಾತ್ರಿ ರಾತ್ರಿ ಹಳೇದು ಕಿತ್ತು, ಒಂದು ಸೈಜ್ ಮೇಲಿಂದು ನಾಲ್ಕು ಕೋರ್ ಎಳೆದ್ವಿ. ನಾಲ್ಕೂ ಸಮ ದಪ್ಪ.

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೇನೇ ಸರಿಯಿಲ್ಲ. ಬಸ್ ಡಕ್ಟಲ್ಲೂ ಅರ್ಧ ನ್ಯೂಟ್ರಲ್‌ದು ಸಿಗತ್ತೆ, ಡಬಲ್ ನ್ಯೂಟ್ರಲ್‌ದೂ ಸಿಗತ್ತೆ, ಯಾವುದು ಅಂತ ಕೇಳದೆ ತಂದ್ರೆ ನನ್ ಕಥೇನೇ. ಮೊದ್ಲು ಪ್ರತಿ ಅಂಗಡಿಯೋರ ಹತ್ರ ಎಷ್ಟು ಲೈಟು, ಎಷ್ಟು ವ್ಯಾಟು ಅಂತ ಬರೆಸ್ಕೊಳಿ. ಬಾಯಲ್ಲಿ ಹೇಳಿದ್ದು ನಂಬ್ಬೇಡಿ, ಇಂಟೀರಿಯರ್‌ನೋರು ಕೊನೇ ವಾರದಲ್ಲಿ ಬಂದು ಎರಡರಷ್ಟು ಲೈಟ್ ಹಾಕ್ತಾರೆ. ಕೋಟೇಶನ್‌ನ ಮೂರೂವರೆ ಕೋರಿಗೆ ಕೊಟ್ಬುಟ್ಟಿದ್ರೆ ನಾಳೇನೇ ಹೋಗಿ ಮಾತಾಡಿ, ಟ್ರೇ ಮೇಲೆ ಕೇಬಲ್ ಮಲಗಿದ್ಮೇಲೆ ಓನರ್ ಫೋನೂ ಎತ್ತಲ್ಲ.